ನಮೂನೆ ಸಹಿ

ಚಿತ್ತಾಪುರದ ಬ್ಯಾಂಕಿನ ಪೋರ ಚೆಕ್ಕು ತಿರುಗಿ ಕೊಟ್ಟ, ಮೂರನೇ ಸಲ.
ಹಿಂದೆ ಕೆಂಪು ಶಾಯಿ: ಸಹಿ ಹೊಂದುವುದಿಲ್ಲ.
ನಾನು ವಾಟರ್‌ಮನ್ ಮೌಲಾಲಿ. ಆ ಚೆಕ್ಕಿನೊಳಗೆ
ನನ್ನ ಏಳು ತಿಂಗಳ ಪಗಾರ ಮಲಗಿತ್ತು,
ಪಕ್ಕದಲ್ಲೇ ಪಂಪಿನ ಸುಟ್ಟ ಕಾಯಿಲ್ಲು.

ಅಧ್ಯಕ್ಷರು ದೇವಕೆಮ್ಮ ಕಂಡಿಯೊಳಗೆ ಮಾರಿ ಹಾಕಿ ಕೇಳಿದರು:
'ನಾನೇ ಬಂದೀನಲ್ಲೋ ಯಪ್ಪಾ, ಈ ಕೈ ನಂದು.
ಹೊಂದಂಗಿಲ್ಲ ಅಂದ್ರ ಹ್ಯಾಂಗ?'
ಪೋರ ಕಂಪ್ಯೂಟರಿನ ಮಾರಿ ಇತ್ತ ತಿರುವಿದ.
ಅಲ್ಲಿ ಇನ್ನೊಬ್ಬ ದೇವಕೆಮ್ಮ ಇದ್ದಳು,
ಒಂದೇ ಎಳೆತದವಳು, ಅವಸರದವಳು,
ಹೆಸರಿನ ಕೆಳಗೆ ಗೆರೆ, ಗೆರೆಯ ಕೆಳಗೆ ಎರಡು ಚುಕ್ಕಿ.
'ಇದು ನಮ್ಮ ಮನಿಯವರ ಅಕ್ಷರ,' ಅಂದರು.
'ತೊಗರಿ ಅಡತ್ಯಾಗ ಚೀಟಿ ಬರೆದು ಬರೆದು ಹಂಗ ಬಿದ್ದದ ಕೈ.'

ಎರಡು ವರ್ಷ ಆ ಕೈ ಊರು ಆಳಿತು.
ಗ್ರಾಮಸಭೆ ನಡೆಯದೇ ನಡೆಯಿತು.
ಅರವತ್ತೆಂಟು ಹೆಬ್ಬೆಟ್ಟು, ಎಲ್ಲಕ್ಕೂ ಒಂದೇ ಗಾಯದ ಗುರುತು.
ಗೊತ್ತು ನನಗೆ, ಇಂಕಿನ ಪ್ಯಾಡು ತಂದುಕೊಟ್ಟವನು ನಾನೇ.
ಶಾಲೆಗೆ ಕಂಪೌಂಡು ಎದ್ದಿತು ಫೈಲಿನಲ್ಲಿ;
ಆಡುಗಳಿಗೆ ಯಾರೂ ತಿಳಿಸಿರಲಿಲ್ಲ.
ಜೀಪಿನ ಗಾಜಿನ ಮೇಲೆ 'ಅಧ್ಯಕ್ಷರ' ಎಂಬುದು ಗೇಣುದ್ದ,
'ಪತಿ' ಎಂಬುದು ಇರುವೆಯಷ್ಟು.

ಅಂಗನವಾಡಿಯ ಬೇಗಂಬೀ ಕಲಿಸಿದ್ದಂತೆ,
ಮಧ್ಯಾಹ್ನದ ಹೊತ್ತು.
ಫರಸಿಕಲ್ಲಿನ ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆಯುವುದು,
ಜೀಪಿನ ಸದ್ದಾದರೆ ಮೇಲೆ ತಟ್ಟು ಹಾಸುವುದು.
'ದೇ' ವಾರಕ್ಕೆ ಬಂತು. 'ವ' ಬೇಗ ಬಂತು. 'ಕೆ' ಕಾಡಿತು.
'ಮ್ಮ'ದ ಒತ್ತು ಈಗಲೂ ಕಾಲು ಜಾರುತ್ತದೆ.

ಕಲಿತವರು ಹೆಸರಿಗೇ ನಿಲ್ಲಬಹುದಿತ್ತು.
ರಜಿಸ್ಟರ್ ಎಳೆದುಕೊಂಡು ಒಂದು ಸಾಲು ಬರೆದರು, ಓಲಾಡುವ ಸಾಲು:
ನೀರು ಮೊದಲು ಕೆಳಗಿನ ಓಣಿಗೆ ಬಿಡಬೇಕು.
ಪಿಡಿಒ ಸಾಹೇಬರು ಫ್ಯಾನು ನೋಡಿದರು.
ಮೆಂಬರು ಒಬ್ಬೊಬ್ಬರೇ ಚಹಾಕ್ಕೆಂದು ಎದ್ದರು,
ಕುರ್ಚಿಗಳಿಗೆ ಕೋರಂ ಇತ್ತು, ಮಂದಿಗೆ ಇರಲಿಲ್ಲ.
ಅಂದು ರಾತ್ರಿಯೇ ಕ್ರೂಸರ್ ಸೊಲ್ಲಾಪುರದ ಲಾಡ್ಜಿಗೆ ಹೋಯಿತು,
ಒಳಗೆ ಒಂಬತ್ತು ಮೆಂಬರು, ಮುಂದಿನ ಸೀಟಿನಲ್ಲಿ ಗಂಡ.
ಡೀಸೆಲ್ಲಿನ ದುಡ್ಡಿಗೆ ಯಾವ ಸಹಿಯೂ ಅಡ್ಡ ಬರಲಿಲ್ಲ.
ಗುರುವಾರ ಅವಿಶ್ವಾಸ. ಹೆಂಡತಿಯ ಮೇಲೆ.

ನಮ್ಮಪ್ಪನ ಹೊಲದ ಕಾಗದ ಉರ್ದುವಿನಲ್ಲಿತ್ತು.
ಅದನ್ನು ಓದಿಸಲು ಅವನು ಹನ್ನೊಂದು ವರ್ಷ ನಡೆದ,
ಹೊಲ ಹೋಯಿತು, ಕಾಗದ ಟ್ರಂಕಿನಲ್ಲಿದೆ.
'ದೊರಿ ಹ್ವಾದ, ದಫ್ತರ ಹೋಗಿಲ್ಲ ಮಗಾ,' ಅನ್ನುತ್ತಿದ್ದ.

ಬ್ಯಾಂಕಿನ ಪೋರ ಹೊಸ ಫಾರಮ್ಮು ಕೊಟ್ಟ, ಮೂರು ಚೌಕ.
ದೇವಕೆಮ್ಮ ಸೆರಗಿಗೆ ಕೈ ಒರೆಸಿ ಬರೆದರು.
ಮೊದಲನೆಯದು ಗೆರೆ ದಾಟಿತು,
ಎರಡನೆಯದು ಹೆದರಿ ಮೂಲೆಗೆ ಕುಂತಿತು,
ಮೂರನೆಯದು ಚಂದ ಇತ್ತು, ಆದರೆ ಬೇರೆ ಯಾರದೋ ಥರ.
'ಮೂರೂ ಒಂದೇ ಇರಬೇಕಮ್ಮಾ.'
'ಒಂದೇ ಥರ ಬರಿಯಾಂವ ಲಾಡ್ಜಿನ್ಯಾಗ ಅದಾನ,' ಅಂದರು,
ಇನ್ನೊಂದು ಫಾರಮ್ಮಿಗೆ ಕೈ ಚಾಚಿದರು.
ಹಿಂದೆ ಪಾಳಿಯಲ್ಲಿದ್ದವರು ಮುಸಿಮುಸಿ ನಕ್ಕರು.
ನಾನೂ ನಕ್ಕೆ. ಆಮೇಲೆ ಪಗಾರ ನೆನಪಾಯಿತು.

ಕರೆಂಟು ನಾಲ್ಕಕ್ಕೆ ಬರುತ್ತದೆಂದು ಬಸ್ಸು ಹಿಡಿದೆ.
ಅವರು ಅಲ್ಲೇ ಇದ್ದರು, ಗಾಜಿನಾಚೆ, ಬಾಗಿ ಬರೆಯುತ್ತ.
ವಾಲ್ವಿನ ಹತ್ತಿರ ಮ್ಯಾಲಿನ ಓಣಿಯ ಇಬ್ಬರು ನಿಂತಿದ್ದರು,
'ಗುರುವಾರ ಆಗಲಿ ಮೌಲಾಲಿ, ಯಾಕ ಗಡಿಬಿಡಿ?'
ರಜಿಸ್ಟರಿನ ಸಾಲು ಇನ್ನೂ ಯಾರೂ ಹೊಡೆದುಹಾಕಿರಲಿಲ್ಲ.
ಕೀಲಿ ಇಳಿಸಿ ಎಡಕ್ಕೆ ತಿರುವಿದೆ,
ತುಕ್ಕಿಗೆ ಎರಡೂ ಕೈ ಬೇಕು.

ಕೆಳಗಿನ ಓಣಿಯ ನಲ್ಲಿ ಮೊದಲು ಗಾಳಿ ಕೆಮ್ಮಿತು,
ಆಮೇಲೆ ಕೆಂಪನೆಯ ನೀರು, ಬೆರಳಿನಷ್ಟು.
ಕೊಡ ಹಿಡಿದಿದ್ದ ಹುಡುಗಿ ಅಲ್ಲಿಂದಲೇ ಕೂಗಿದಳು:
'ಇನ್ನೊಂದೀಟು ತಿರುವು ಕಾಕಾ.'